ಮೊದಲು ನೀರು, ಆಮೇಲೆ ಬೆಂಕಿ

ಯುಪಿಐ ಪಿನ್ನಿನ ನಾಲ್ಕು ಅಂಕಿ ಒತ್ತಿಯಾಗಿತ್ತು, ಇನ್ನೆರಡು ಬಾಕಿ. ಅಷ್ಟರಲ್ಲಿ ಮಾವ ನನ್ನ ಫೋನಿನ ಮೇಲೆ ಅಂಗೈ ಇಟ್ಟು, "ತಡಿಯೋ, ಎಲ್ಲಿಗೂ ಓಡ್ಹೋಗಲ್ಲ ಅದು" ಅಂದರು.

ಅದು ಅಂದರೆ, ಟಿ. ನರಸೀಪುರದ ಒಂದು ಹಳೇ ಮನೆಯ ಪಡಸಾಲೆಯಲ್ಲಿ ಮೇಜಿನ ಮೇಲೆ ನಿಂತಿದ್ದ ಒಂದಡಿ ಉದ್ದದ ರೈಲ್ವೆ ಎಂಜಿನ್. ಬ್ಯಾಟರಿ ಇಲ್ಲ, ಕೀಲಿ ಇಲ್ಲ. ಒಳಗೆ ತಾಮ್ರದ ಬಾಯ್ಲರ್, ಕೆಳಗೆ ಲೈಟರಿಗೆ ತುಂಬುವ ಬ್ಯುಟೇನ್ ಗ್ಯಾಸಿನ ಬರ್ನರ್. ನೀರು ಕುದಿಯುತ್ತೆ, ಉಗಿ ಪಿಸ್ಟನ್ ತಳ್ಳುತ್ತೆ, ಗಾಲಿ ಉರುಳುತ್ತೆ. ಇಂಥದ್ದಕ್ಕೆ ಲೈವ್ ಸ್ಟೀಮ್ ಅಂತಾರೆ. 1979ರಲ್ಲಿ ಶುರುವಾದ ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ನೀವು ನೋಡಿರೋ ಎಂಜಿನ್ನುಗಳು ದೊಡ್ಡವು, ಆದರೆ ತಣ್ಣಗೆ ನಿಂತಿವೆ. ಇದು ಚಿಕ್ಕದು, ಆದರೆ ಬಿಸಿ.

ನಾನು ನಂಜನಗೂಡಿನವನು. 1735ರಲ್ಲಿ ದಳವಾಯಿ ದೇವರಾಜರ ಕಾಲದಲ್ಲಿ ಕಪಿಲೆಗೆ ಕಟ್ಟಿದ ಕಲ್ಲಿನ ಸೇತುವೆ ಇದೆಯಲ್ಲ, ಅದರ ಮೇಲೇ ಮುಂದೆ ಮೀಟರ್ ಗೇಜ್ ಹಳಿ ಹಾಕಿದ್ದರು. ಒಂದು ಮಗ್ಗುಲಲ್ಲಿ ರಸ್ತೆ, ಇನ್ನೊಂದು ಮಗ್ಗುಲಲ್ಲಿ ರೈಲು. ಹೊಗೆ ಬಿಡ್ತಾ ಆ ಸೇತುವೆ ದಾಟುತ್ತಿದ್ದ ಗಾಡಿಯ ಕಥೆಯನ್ನು ಅಪ್ಪ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ನಾನು ಅದನ್ನು ನೋಡಲಿಲ್ಲ. ಹಾಗಾಗಿ ಮೇಷ್ಟ್ರು ಎಂಜಿನ್ ಮಾರುತ್ತಾರಂತೆ ಅಂತ ಕೇಳಿದ ಕೂಡಲೇ ಬೆಂಗಳೂರಿಂದ ಹೊರಟುಬಿಟ್ಟೆ. ಬೆಲೆ 85,000 ರೂಪಾಯಿ. ಚೌಕಾಸಿ ಮಾಡೋ ಯೋಚನೆಯೂ ಇರಲಿಲ್ಲ.

ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಇಂಗ್ಲೆಂಡಿನಲ್ಲಿದ್ದ ಮಗ 20 ವರ್ಷದ ಹಿಂದೆ ತಂದುಕೊಟ್ಟ ಎಂಜಿನ್ ಇದು. ಈಗ ಮನೆ ಖಾಲಿ ಮಾಡಿ ಮಗಳ ಫ್ಲ್ಯಾಟಿಗೆ ಹೊರಟಿದ್ದರು. "ಬೇಕಾದ್ರೆ ಓಡಿಸಿ ತೋರಿಸ್ತೀನಪ್ಪ" ಅಂತ ಸೈಕಲ್ ಪಂಪಿನಿಂದ ಗಾಳಿ ಕೊಟ್ಟರು. ಗಾಲಿಗಳು ಗಿರ್ರನೆ ತಿರುಗಿದವು. ನಾನು ಕರಗಿಹೋದೆ.

ಮಾವ ಕರಗಲಿಲ್ಲ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು ಅವರು. ಗಾಲಿಯನ್ನು ಕೈಯಲ್ಲಿ ನಿಧಾನ ತಿರುಗಿಸಿ, ಎಲ್ಲಾದರೂ ಬಿಗಿಯುತ್ತದಾ ನೋಡಿದರು. ಕನೆಕ್ಟಿಂಗ್ ರಾಡನ್ನು ಅಲ್ಲಾಡಿಸಿ ಎಷ್ಟು ಸಡಿಲ ಇದೆ ನೋಡಿದರು. ನೀರು ತುಂಬೋ ಬಾಯಿಗೆ ಟಾರ್ಚ್ ಬಿಟ್ಟು ಇಣುಕಿದರು. ನಮ್ಮ ಕಡೆ ಬೋರ್‌ವೆಲ್ ನೀರಿಗೆ ಪಾತ್ರೆಯಲ್ಲಿ ಕಟ್ಟುತ್ತಲ್ಲ ಬಿಳೀ ಕರೆ, ಅದೇ ಒಳಗೂ ಇತ್ತು. "ಗಾಳಿಯಲ್ಲಿ ಓಡಿದ್ರೆ ಗಾಲಿ ಚೆನ್ನಾಗಿದೆ ಅಂತ ಅರ್ಥ. ಬಾಯ್ಲರ್ ಚೆನ್ನಾಗಿದೆ ಅಂತಲ್ಲ" ಅಂದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ತಪ್ಪು ತಿಳ್ಕೋಬೇಡಿ ಮೇಷ್ಟ್ರೇ, ಮುಂದಿನ ಭಾನುವಾರ ಬಂದು ನೀರಿನ ಟೆಸ್ಟ್ ಮಾಡ್ತೀವಿ."

ಮೇಷ್ಟ್ರ ಮುಖ ಸಣ್ಣಗಾಯಿತು. "ಮಕ್ಕಳಿಗೆ ಬಾಯ್ಲನ ನಿಯಮ ಹೇಳಿಕೊಟ್ಟವನು ನಾನು. ಕೆಟ್ಟಿದ್ದನ್ನ ಮಾರ್ತೀನಾ?" ನನಗೆ ನೆಲಕ್ಕಿಳಿದುಹೋದಂತಾಯಿತು. ವಾಪಸ್ ಬರುವಾಗ ಸುತ್ತೂರಿನವರೆಗೂ ಮಾವನ ಜೊತೆ ಮಾತಾಡಲಿಲ್ಲ. ಕೊನೆಗೆ ಅವರೇ ಕೇಳಿದರು, "ಅದು ಉರಿಯೋವಾಗ ಪಕ್ಕದಲ್ಲಿ ಬಗ್ಗಿಕೊಂಡು ನೋಡೋದು ಯಾರು?" ಅಕ್ಕನ ಮಗಳು. ಏಳು ವರ್ಷ. ನಾನು ಬಾಯಿಬಿಡಲಿಲ್ಲ.

ಈ ಎಂಜಿನ್ 4 ಬಾರ್ ಒತ್ತಡದಲ್ಲಿ ಓಡುವಂಥದ್ದು, ಅಂದರೆ ಕಾರಿನ ಟೈರಿನಲ್ಲಿರೋ ಗಾಳಿಯ ಸುಮಾರು ಎರಡರಷ್ಟು. ಆ ಒತ್ತಡದಲ್ಲಿ ಒಳಗಿನ ನೀರು ಸುಮಾರು 150 ಡಿಗ್ರಿ ಇರುತ್ತೆ. ಬಾಯ್ಲರ್ ಬಿರಿದರೆ ಅದರಲ್ಲಿ ಒಂದಷ್ಟು ಒಂದೇ ಏಟಿಗೆ ಉಗಿಯಾಗಿ ನುಗ್ಗುತ್ತೆ. ತಣ್ಣೀರು ಹಾಗಲ್ಲ. ಅದು ಕುಗ್ಗೋದೇ ಇಲ್ಲ ಅನ್ನಬಹುದು, ಹಾಗಾಗಿ ಸಿಡಿಯುವ ಶಕ್ತಿ ಅದರಲ್ಲಿ ಕೂಡಿರುವುದಿಲ್ಲ. ಬಿರುಕಿದ್ದರೆ ನಾಲ್ಕು ಹನಿ ಬರುತ್ತೆ, ಅಷ್ಟೇ. ಅದಕ್ಕೇ ಬೆಂಕಿಗಿಂತ ಮೊದಲು ನೀರು.

ಮುಂದಿನ ಭಾನುವಾರ ಮಾವ ಪ್ಲಂಬರ್ ಒಬ್ಬರಿಂದ ಪೈಪ್ ಟೆಸ್ಟ್ ಮಾಡುವ ಕೈಪಂಪು ತಂದಿದ್ದರು. ಅಳತೆಗೆ ಸರಿಯಾಗಿ ಲೇತಿನಲ್ಲಿ ಒಂದು ಜಾಯಿಂಟನ್ನೂ ಮಾಡಿಸಿದ್ದರು. ಸೇಫ್ಟಿ ವಾಲ್ವ್ ಬಿಚ್ಚಿ ಆ ತೂತು ಮುಚ್ಚಿ, ಒಳಗೆ ಗಾಳಿ ಉಳಿಯದ ಹಾಗೆ ನೀರು ತುಂಬಿದರು. ಎಂಜಿನ್ನಿನ ಹಳೇ ಗೇಜನ್ನು ನಂಬದೆ ಪಂಪಿನ ಗೇಜನ್ನೇ ನೋಡುತ್ತಾ ಒತ್ತಿದರು. 4 ಬಾರ್, ಏನೂ ಇಲ್ಲ. ಒಂದೂವರೆ ಪಟ್ಟು, ಅಂದರೆ 6 ಬಾರ್ ಮುಟ್ಟಿಸಬೇಕಿತ್ತು. 5 ದಾಟುವಾಗ ಮುಳ್ಳು ಹಿಂದಕ್ಕೆ ಜಾರಿತು. ಸೇಫ್ಟಿ ವಾಲ್ವ್ ಕೂರುವ ಬುಶ್ಶಿನ ಬೆಸುಗೆಯಲ್ಲಿ ಒಂದು ಹನಿ. ಒರೆಸಿದರು. ಮತ್ತೆ ಒಂದು ಹನಿ.

ಯಾರೂ ಮಾತಾಡಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ಮನೆ ಬಿಡೋ ಮುಂಚೆ ಮೊಮ್ಮಗನಿಗೆ ಒಂದ್ಸಲ ಉರಿಸಿ ತೋರಿಸಬೇಕು ಅಂತಿದ್ದೆ" ಅಂದರು.

ಅವರೇ ಬೆಲೆಯನ್ನು 50,000ಕ್ಕೆ ಇಳಿಸಿದರು. ರಿಪೇರಿ ಖರ್ಚು ನನ್ನದು. ಸೀಸದ ಬೆಸುಗೆ ಹಚ್ಚಿ ಮುಚ್ಚುವ ಕೆಲಸವಲ್ಲ ಇದು. ಆ ಬಿಸಿಗೆ, ಆ ಒತ್ತಡಕ್ಕೆ ಅದು ಸಾಲದು. ಬೆಳ್ಳಿ ಬೆಸುಗೆಯೇ ಆಗಬೇಕು, ಅದೂ ಕೈ ಪಳಗಿದವರಿಂದ. ಬೆಂಗಳೂರಿನಲ್ಲಿ ಮಾಡಿಸಿದೆ. ಹೊಸ ಬೆಸುಗೆ ಆದ್ದರಿಂದ ಈ ಸಲ ಎರಡು ಪಟ್ಟು, 8 ಬಾರ್ ಒತ್ತಿ ನೋಡಿದೆವು. ಮುಳ್ಳು ಅಲ್ಲಾಡಲಿಲ್ಲ.

ಮೊದಲ ಬೆಂಕಿ ಹಚ್ಚಿದ್ದು ನಂಜನಗೂಡಿನಲ್ಲಲ್ಲ, ಮೇಷ್ಟ್ರ ಪಡಸಾಲೆಯಲ್ಲೇ. ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಅರ್ಧ ಗಂಟು ಕಟ್ಟಿದ್ದ ಸಾಮಾನಿನ ನಡುವೆ ಹಳಿ ಹಾಸಿದೆವು. "ತಾತ, ಬೇಗ ಬಿಡು" ಅಂತ ಮೊಮ್ಮಗ ಕುಣಿಯುತ್ತಿದ್ದ. ಮೇಷ್ಟ್ರು ಅವನ ಭುಜ ಹಿಡಿದು ಎರಡು ಹೆಜ್ಜೆ ಹಿಂದಕ್ಕೆ ನಿಲ್ಲಿಸಿ, ನನ್ನ ಮಾವನ ಕಡೆ ನೋಡಿ ನಕ್ಕು ಹೇಳಿದರು:

"ತಡಿಯೋ. ಮೊದಲು ಗೇಜ್ ನೋಡು."