ಗಾಡಿ ಹುಡುಗರೇ ರಸ್ತೆಗೆ ಕಾವಲು

ಬೆಳಿಗ್ಗೆ ಎಂಟೂವರೆ. ಜಯನಗರದ ಸೌತ್ ಎಂಡ್ ವೃತ್ತದಲ್ಲಿ ಕೆಂಪು ದೀಪ ಹಸಿರಾಗುವ ಮೊದಲೇ ಮುಂದಿನ ಸಾಲಿನ ಬೈಕುಗಳು ಗುಡುಗತೊಡಗುತ್ತವೆ. ಕಾಲೇಜಿಗೆ ಹೊತ್ತಾದ ಹುಡುಗರು. ಕೆಲವರ ಹೆಲ್ಮೆಟ್ ತಲೆಯ ಮೇಲಿದ್ದರೆ ಕೆಲವರದು ಮೊಣಕೈಯಲ್ಲಿ ತೂಗುತ್ತಿರುತ್ತದೆ. ರಸ್ತೆ ದಾಟಲು ನಿಂತ ಅಜ್ಜಿ ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

1948ರಲ್ಲಿ ಅಡಿಗಲ್ಲು ಬಿದ್ದ ಜಯನಗರ ಅಳೆದು ತೂಗಿ ಯೋಜಿಸಿದ ಬಡಾವಣೆ. ಸಾಲುಮರ, ಉದ್ಯಾನ, ಕಾಲುದಾರಿ ಎಲ್ಲಕ್ಕೂ ಇಲ್ಲಿ ಜಾಗವಿತ್ತು. ಅಂದಿನದು ಸೈಕಲ್ ಮತ್ತು ಜಟಕಾಗಳ ಊರು. ಇಂದು ನಗರದ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ದ್ವಿಚಕ್ರ ವಾಹನಗಳೇ.

ಅಲ್ಲಿಂದ ದಕ್ಷಿಣಕ್ಕೆ ಹೊರಟರೆ ಬನಶಂಕರಿ. ನಿಂಬೆಹಣ್ಣಿನ ದೀಪಕ್ಕೆ ಹೆಸರಾದ ಅಮ್ಮನವರ ಗುಡಿ ಇಲ್ಲಿದೆ. ಹೊಸ ಗಾಡಿ ಕೊಂಡವರು ಚಕ್ರದಡಿಯಲ್ಲೂ ನಿಂಬೆಹಣ್ಣು ಇಡುತ್ತಾರೆ. ಹೆತ್ತವರ ಹರಕೆ ಸರಿಯೇ. ಆದರೆ ಗಾಡಿಯೊಂದಿಗೆ ಚಲನೆಯ ನಿಯಮಗಳೂ ಮನೆಗೆ ಬರುತ್ತವೆ. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 30 ಕಿ.ಮೀ. ವೇಗದ ಬೈಕು, ಸವಾರ ಎಚ್ಚೆತ್ತು ಬ್ರೇಕ್ ಹಾಕಲು ಒಂದು ಸೆಕೆಂಡ್ ಹಿಡಿದರೆ, ಒಣ ರಸ್ತೆಯಲ್ಲಿ ನಿಲ್ಲುವುದಕ್ಕೆ ಸುಮಾರು 13 ಮೀಟರ್ ಬೇಕು. 60 ಕಿ.ಮೀ. ವೇಗಕ್ಕೆ ಸುಮಾರು 36 ಮೀಟರ್. ಮಳೆ ಬಿದ್ದಿದ್ದರೆ, ಮರಳು ಚೆಲ್ಲಿದ್ದರೆ ಇನ್ನೂ ಹೆಚ್ಚು. ಈ ಲೆಕ್ಕ ಪರೀಕ್ಷೆಯಲ್ಲಿ ತಪ್ಪಿದರೆ ಅಂಕ ಹೋಗುತ್ತದೆ, ರಸ್ತೆಯಲ್ಲಿ ತಪ್ಪಿದರೆ?

ಹಾಗೆಂದು ಹುಡುಗರನ್ನು ಬೈದು ಸುಮ್ಮನಾದರೆ ಸಾಲದು. ವರ್ತುಲ ರಸ್ತೆ ಹಿಡಿದು ಜೆ.ಪಿ. ನಗರದತ್ತ ಬನ್ನಿ. ಯಾವ ತಿರುವಿನಲ್ಲಿ ಗುಂಡಿಯಿದೆ, ಯಾವ ಉಬ್ಬಿನ ಬಣ್ಣ ಮಾಸಿದೆ, ಯಾವ ಫಲಕ ಕೊಂಬೆಯ ಹಿಂದೆ ಅಡಗಿದೆ ಎಂಬುದು ಕಾರಿನಲ್ಲಿ ಕೂತವರಿಗಿಂತ ಬೈಕ್ ಸವಾರನಿಗೆ ಚೆನ್ನಾಗಿ ಗೊತ್ತು. ಆ ತಿಳಿವಳಿಕೆಯನ್ನು ಬಳಸಿಕೊಳ್ಳಬೇಕು. ನಿಯಮ ಮುರಿದವರ ಚಿತ್ರ ತೆಗೆದು ಪೊಲೀಸರಿಗೆ ಕಳುಹಿಸಲು 2015ರಲ್ಲಿ ‘ಪಬ್ಲಿಕ್ ಐ’ ಎಂಬ ಆ್ಯಪ್ ಬಂದಿತ್ತು. ಸಂಚಾರ ಪೊಲೀಸರ ಜೊತೆ ನಿಂತು ಸ್ವಯಂಸೇವೆ ಮಾಡುವ ನಾಗರಿಕ ವಾರ್ಡನ್‌ಗಳೂ ಬೆಂಗಳೂರಿನಲ್ಲಿದ್ದಾರೆ. ಕಾಲೇಜಿನ ಹುಡುಗರೇ ತಮ್ಮ ಬಡಾವಣೆಯ ಅಪಾಯದ ತಾಣಗಳ ನಕ್ಷೆ ಬರೆದು ಸಂಬಂಧಪಟ್ಟ ಕಚೇರಿಗೆ ಕೊಟ್ಟರೆ ಅದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಯಾವುದಿದೆ?

ಮುಂದೆ ಜಯದೇವ ಆಸ್ಪತ್ರೆಯ ಕೂಡುರಸ್ತೆ. ಇಲ್ಲಿ 2024ರಿಂದ ಒಂದೇ ಕಂಬಸಾಲಿನ ಮೇಲೆ ಮೇಲ್ಸೇತುವೆ, ಅದರ ಮೇಲೆ ಮೆಟ್ರೊ ಹಳಿ. ಆಚೆಗೆ ಭೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರ ಹೊತ್ತ ಬಿಟಿಎಂ ಬಡಾವಣೆ. ಇಂಥ ದಟ್ಟಣೆಯಲ್ಲಿ ಆಂಬುಲೆನ್ಸ್‌ಗಿಂತ ಮೊದಲು ಬೈಕು ತಲುಪುತ್ತದೆ. 2015ರಲ್ಲಿ ರಾಜ್ಯ ಸರ್ಕಾರ ಬೈಕ್ ಆಂಬುಲೆನ್ಸ್ ಆರಂಭಿಸಿದ್ದೂ ಈ ಕಾರಣಕ್ಕೇ.

ಗಾಯಾಳುವನ್ನು ಮುಟ್ಟಿದರೆ ಪೊಲೀಸ್ ಠಾಣೆಗೆ ಅಲೆಯಬೇಕೆಂಬ ಹೆದರಿಕೆ ಹಲವರಿಗಿದೆ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕ ಬೈಕ್ ಸವಾರ ಹರೀಶ್, ಸಾವಿನ ಅಂಚಿನಲ್ಲೂ ತನ್ನ ಅಂಗಾಂಗ ದಾನ ಮಾಡಿ ಎಂದ ಯುವಕ. ಅಪಘಾತಕ್ಕೊಳಗಾದವರಿಗೆ ಮೊದಲ 48 ಗಂಟೆ, 25,000 ರೂಪಾಯಿವರೆಗಿನ ಉಚಿತ ಚಿಕಿತ್ಸೆಯ ಯೋಜನೆಗೆ ಸರ್ಕಾರ ಅದೇ ವರ್ಷ ಅವನ ಹೆಸರಿಟ್ಟಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ, ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ. ಆದ್ದರಿಂದ ನಿಂತು ನೋಡುವ ಬದಲು 108ಕ್ಕೆ ಕರೆ ಮಾಡಿ.

ಪೋಷಕರ ಪಾಲೂ ಇದೆ. 18 ತುಂಬದ ಮಗನ ಕೈಗೆ ಬೈಕಿನ ಕೀಲಿ ಕೊಟ್ಟು ಅವನು ಅಪರಾಧ ಎಸಗಿದರೆ, ಅದೇ ಕಾಯ್ದೆಯಡಿ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಕೀಲಿಯ ಜೊತೆ ಐಎಸ್‌ಐ ಗುರುತಿನ ಎರಡು ಹೆಲ್ಮೆಟ್ ಕೊಡಿಸಿ. ಒಂದು ಹಿಂದೆ ಕೂರುವವನಿಗೆ.

ಮತ್ತೆ ಸೌತ್ ಎಂಡ್ ವೃತ್ತ. ಮುಂದಿನ ಸಾಲಿನ ನಾಲ್ಕು ಹುಡುಗರು ಬಿಳಿ ಗೆರೆಯ ಹಿಂದೆಯೇ ನಿಂತರೆ, ಅವರ ಹಿಂದಿನ ನಲವತ್ತು ಗಾಡಿಗಳೂ ನಿಲ್ಲಲೇಬೇಕು. ಅಷ್ಟರಲ್ಲಿ ಅಜ್ಜಿ ರಸ್ತೆ ದಾಟಿರುತ್ತಾರೆ.