ಅದೀನರಾಗಿ ಬಾಳುವುದು

ಶುಕ್ಲ ಯಜುರ್ವೇದದ ಒಂದು ಪ್ರಾರ್ಥನೆಯಲ್ಲಿ ಉಪಾಸಕನು ನೂರು ಶರದೃತುಗಳ ಆಯುಸ್ಸನ್ನು ಬೇಡುವನು. ಆದರೆ ಬರಿಯ ಆಯುಸ್ಸಿನಿಂದ ಅವನಿಗೆ ತೃಪ್ತಿಯಿಲ್ಲ. ಅಷ್ಟು ಕಾಲವೂ ಕಣ್ಣು ಕಾಣುತ್ತಿರಬೇಕು, ಕಿವಿ ಕೇಳುತ್ತಿರಬೇಕು, ಮಾತು ನಿಲ್ಲದಿರಬೇಕು ಎನ್ನುವನು. ಇವುಗಳೊಡನೆ ತಾನು ಅದೀನನಾಗಿರಬೇಕೆಂದೂ ಕೇಳುವನು. ದೈನ್ಯವಿಲ್ಲದವನೇ ಅದೀನನು. ಈ ಶಬ್ದದ ದಕಾರಕ್ಕೆ ಮಹಾಪ್ರಾಣವು ಸೇರಿದರೆ ಅದು ಅಧೀನವಾಗುವುದು. ಪರರ ವಶದಲ್ಲಿರುವವನೆಂದು ಅದರ ಅರ್ಥ. ವ್ಯುತ್ಪತ್ತಿಯಲ್ಲಿ ಇವೆರಡಕ್ಕೂ ಸಂಬಂಧವಿಲ್ಲ. ಆದರೂ ಮುಪ್ಪಿನಲ್ಲಿ ಮನುಷ್ಯನು ಮೊದಲನೆಯದರಿಂದ ಎರಡನೆಯದಕ್ಕೆ ಜಾರುವುದು ಅಷ್ಟೇ ಸಣ್ಣದೊಂದು ವ್ಯತ್ಯಾಸದಿಂದ. ನಿನ್ನೆಯವರೆಗೆ ತಾನಾಗಿಯೇ ಏಳುತ್ತಿದ್ದ ಪೀಠದಿಂದ ಇಂದು ಮತ್ತೊಬ್ಬರ ಕೈಹಿಡಿದು ಏಳಬೇಕಾಗುವುದು.

ವೃದ್ಧರು ಬಯಸುವ ಸ್ವಾತಂತ್ರ್ಯವು ದೊಡ್ಡದೇನೂ ಅಲ್ಲ. ಹಾಸಿಗೆಯಿಂದ ಏಳುವುದು, ಸ್ನಾನಶೌಚಗಳಿಗೆ ಹೋಗಿಬರುವುದು, ಬಟ್ಟೆಯುಡುವುದು, ಜಗಲಿಯ ಮೆಟ್ಟಿಲಿಳಿದು ದೇವಸ್ಥಾನದವರೆಗೆ ನಡೆಯುವುದು, ಇಷ್ಟೇ. ಮಕ್ಕಳೂ ಸೊಸೆಯಂದಿರೂ ಇರುವ ಮನೆಯಲ್ಲಿ ಹಿರಿಯರಿಗೆ ಈ ಸ್ವಾವಲಂಬನೆಯ ಚಿಂತೆಯೇಕೆ, ಇದು ಪಾಶ್ಚಾತ್ಯರ ಮಾತು, ಎಂದು ಕೆಲವರು ಹೇಳುವರು. ಸೇವೆ ಮಾಡುವುದು ಮಕ್ಕಳ ಧರ್ಮವೆಂಬುದು ನಿಜ. ಆದರೆ ಸೇವೆ ಪಡೆಯುವವರ ಮನಸ್ಸನ್ನೂ ನೋಡಬೇಕಲ್ಲವೆ? ನಿದ್ದೆಯಲ್ಲಿರುವ ಸೊಸೆಯನ್ನು ಕೂಗಲು ಮನಸ್ಸು ಬಾರದೆ, ಕತ್ತಲೆಯಲ್ಲಿ ಗೋಡೆ ಹಿಡಿದು ನಡೆದು ಬಿದ್ದ ಹಿರಿಯರು ಯಾವ ಊರಿನಲ್ಲಿಲ್ಲ? ಅವರನ್ನು ಬೀಳಿಸಿದುದು ಕಾಲಿನ ದೌರ್ಬಲ್ಯವೊಂದೇ ಅಲ್ಲ, ಸಂಕೋಚವೂ ಹೌದು. ಮಕ್ಕಳ ಭಕ್ತಿಯು ಆ ಸಂಕೋಚವನ್ನು ಕಳೆಯಲಾರದು. ಕಾಲಿಗೆ ಬಲ ಬಂದರೆ ಅದು ತಾನಾಗಿ ಕಳೆಯುವುದು.

ಈ ದೌರ್ಬಲ್ಯವು ಅನಿವಾರ್ಯವೆಂದೇ ಜನರು ಬಹುಕಾಲ ನಂಬಿದ್ದರು. ವಯಸ್ಸಾದಂತೆ ಮಾಂಸಖಂಡಗಳು ಕ್ಷಯಿಸುವುವು; ಅದನ್ನು ಕಂಡ ಮನೆಯವರು ವಿಶ್ರಾಂತಿಯನ್ನು ವಿಧಿಸುವರು; ವಿಶ್ರಾಂತಿಯಿಂದ ಅವು ಇನ್ನಷ್ಟು ಕ್ಷಯಿಸುವುವು. ಈ ಚಕ್ರವನ್ನು ಹಿಂದಕ್ಕೆ ತಿರುಗಿಸಬಹುದೇ ಎಂಬುದನ್ನು ಅಮೆರಿಕದ ಬಾಸ್ಟನ್ ನಗರದಲ್ಲಿ ಮಾರಿಯಾ ಫಿಯಾಟರೋನ್ ಎಂಬ ವೈದ್ಯೆಯೂ ಅವರ ಸಹೋದ್ಯೋಗಿಗಳೂ ಪರೀಕ್ಷಿಸಿ, 1990ರಲ್ಲಿ ಫಲವನ್ನು ಪ್ರಕಟಿಸಿದರು. ಪರೀಕ್ಷೆಗೆ ಒಪ್ಪಿದವರು ವೃದ್ಧರ ಆರೈಕೆಯ ಮನೆಯಲ್ಲಿದ್ದ ಹತ್ತೇ ಮಂದಿ; ಅವರ ಸರಾಸರಿ ವಯಸ್ಸು 90. ಎಂಟು ವಾರಗಳ ಕಾಲ ಅವರು ಮೇಲ್ವಿಚಾರಣೆಯಲ್ಲಿ ಕಾಲಿನಿಂದ ಭಾರವನ್ನೆತ್ತುವ ಅಭ್ಯಾಸ ಮಾಡಿದರು. ಅದನ್ನು ಪೂರೈಸಿದ ಒಂಬತ್ತು ಮಂದಿಯ ಕಾಲಿನ ಬಲವು ಸರಾಸರಿ ಶೇಕಡ 174ರಷ್ಟು ಹೆಚ್ಚಿತು. ತೊಡೆಯ ಮಾಂಸಖಂಡವು ಶೇಕಡ 9ರಷ್ಟು ಬೆಳೆಯಿತು. ಇಬ್ಬರು ಊರುಗೋಲನ್ನು ಬಿಟ್ಟು ನಡೆದರು. ತೊಂಬತ್ತರ ದೇಹವೂ ಕಲಿಯಬಲ್ಲುದು ಎಂಬುದು ಹೀಗೆ ತಿಳಿಯಿತು.

ಹತ್ತು ಮಂದಿಯ ಫಲವನ್ನು ಲೋಕವೆಲ್ಲಕ್ಕೂ ಅನ್ವಯಿಸುವುದು ವಿವೇಕವಲ್ಲ. ಆದುದರಿಂದ ಅದೇ ಗುಂಪಿನವರು ಮುಂದೆ 100 ಮಂದಿ ವೃದ್ಧರನ್ನು ತೆಗೆದುಕೊಂಡು ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದರು. ವ್ಯಾಯಾಮ ಮಾಡಿದವರ ಬಲವು ಶೇಕಡ 113ರಷ್ಟು ಹೆಚ್ಚಿತು. ಮೆಟ್ಟಿಲೇರುವ ಶಕ್ತಿಯೂ ಹೆಚ್ಚಿತು. ವ್ಯಾಯಾಮವಿಲ್ಲದೆ ಪೌಷ್ಟಿಕ ಪಾನೀಯವನ್ನು ಮಾತ್ರ ಕುಡಿದವರಿಗೆ ಅಂತಹ ಲಾಭವಾಗಲಿಲ್ಲ. ಇದನ್ನು ತಿಳಿದುದೂ ಸಣ್ಣ ಲಾಭವಲ್ಲ. ಅನಂತರ ಬೇರೆ ವಿದ್ವಾಂಸರು 424 ಮಂದಿಯಲ್ಲಿ ಪೂರ್ವಪರೀಕ್ಷೆಯೊಂದನ್ನು ಮಾಡಿದರು. ಅದನ್ನು ನೋಡಿಕೊಂಡು ಎಂಟು ಕೇಂದ್ರಗಳಲ್ಲಿ 70ರಿಂದ 89 ವರ್ಷ ವಯಸ್ಸಿನ 1,635 ಮಂದಿಯನ್ನು ಸರಾಸರಿ ಎರಡೂವರೆ ವರ್ಷಕ್ಕೂ ಮೇಲೆ ಗಮನಿಸಿ, 2014ರಲ್ಲಿ ಫಲವನ್ನು ತಿಳಿಸಿದರು. ಆರೋಗ್ಯದ ಉಪನ್ಯಾಸಗಳನ್ನು ಮಾತ್ರ ಕೇಳಿದವರಲ್ಲಿ ಶೇಕಡ 35.5 ಮಂದಿ 400 ಮೀಟರು ನಡೆಯುವ ಶಕ್ತಿಯನ್ನು ಕಳೆದುಕೊಂಡರು. ನಡಿಗೆ ಮತ್ತು ವ್ಯಾಯಾಮಗಳನ್ನು ಅಭ್ಯಾಸ ಮಾಡಿದವರಲ್ಲಿ ಶೇಕಡ 30.1 ಮಂದಿ. ಅಂತರವು ಅದ್ಭುತವಲ್ಲ. ಆದರೆ ಅದರೊಳಗೆ ಸೇರಿದ ಪ್ರತಿಯೊಬ್ಬರಿಗೂ ಅದು ಸ್ವಂತ ಕಾಲಿನ ಮೇಲೆ ಮನೆಯಿಂದ ಹೊರಗೆ ಬರುವ ಮಾತಾಗಿದೆ.

ಇಲ್ಲಿ ಆಲೋಚಿಸತಕ್ಕ ವಿಷಯವೊಂದುಂಟು. ಸಾವಿರದ ಆರುನೂರು ಮಂದಿಯ ಪರೀಕ್ಷೆಗೆ ದ್ರವ್ಯವನ್ನು ಕೇಳುವಾಗ ತೋರಿಸಲು ಹಿಂದಿನ ಫಲಗಳಿದ್ದುವು. ಮೊದಲಿನ ಹತ್ತು ಮಂದಿಯ ಪರೀಕ್ಷೆಗೆ ತೋರಿಸಲು ಏನಿದ್ದಿತು? ದಾನಿಯು ಮೊದಲು ಪ್ರಮಾಣವನ್ನು ತೋರಿಸೆನ್ನುವನು; ಸಂಶೋಧಕನು ಮೊದಲು ದ್ರವ್ಯವನ್ನು ಕೊಡೆನ್ನುವನು. ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯ ದೋಷವೆಂದು ಕರೆಯುವರು. ಇದನ್ನು ಬಿಡಿಸಲು ಯುಕ್ತಿಯಿಂದ ಸಾಧ್ಯವಿಲ್ಲ. ಪ್ರಮಾಣಕ್ಕೆ ಮೊದಲೇ ಸ್ವಲ್ಪ ಹಣವನ್ನು ನಂಬಿ ಕೊಡುವವನು ಒಬ್ಬನಿರಬೇಕು. ರೈತನು ಬಿತ್ತುವಾಗ ತೆನೆಯನ್ನು ಕಂಡು ಬಿತ್ತುವನೇ? ಆದರೆ ಅವನು ಕಣಜವನ್ನೆಲ್ಲ ಒಂದೇ ಹೊಲಕ್ಕೆ ಸುರಿಯುವುದೂ ಇಲ್ಲ.

ಈ ವಿವೇಕವನ್ನು ಅಮೆರಿಕದವರು ಒಂದು ವ್ಯವಸ್ಥೆಯನ್ನಾಗಿಯೇ ಮಾಡಿರುವರು. ಅಲ್ಲಿಯ ಶಾಸನಸಭೆಯಲ್ಲಿ ವೃದ್ಧರ ಪಕ್ಷವನ್ನು ವಹಿಸಿ ಹೋರಾಡಿ, 1989ರಲ್ಲಿ ತಮ್ಮ 88ನೆಯ ವಯಸ್ಸಿನಲ್ಲಿ ತೀರಿಕೊಂಡ ಕ್ಲಾಡ್ ಪೆಪ್ಪರ್ ಎಂಬವರ ಹೆಸರಿನಲ್ಲಿ ಹಲವು ವಿಶ್ವವಿದ್ಯಾಲಯಗಳಲ್ಲಿ ವೃದ್ಧರ ಸ್ವಾವಲಂಬನೆಗಾಗಿ ಸಂಶೋಧನಾ ಕೇಂದ್ರಗಳಿವೆ. ಅವುಗಳಲ್ಲಿ ಸಣ್ಣ ಪೂರ್ವಪರೀಕ್ಷೆಗಳಿಗೆಂದೇ ಒಂದು ವಿಭಾಗವಿರುವುದು. ಹೊಸದಾಗಿ ಕೆಲಸಕ್ಕೆ ಬಂದ ತರುಣನಿಗೂ ತನ್ನ ಊಹೆಯನ್ನು ಪರೀಕ್ಷಿಸುವಷ್ಟು ನೆರವು ಅಲ್ಲಿ ದೊರೆಯುವುದು. ಊಹೆ ಸುಳ್ಳಾದರೆ ಸ್ವಲ್ಪದರಲ್ಲಿಯೇ ತಿಳಿಯಿತು. ನಿಜವಾದರೆ ದೊಡ್ಡ ಪರೀಕ್ಷೆಗೆ ದಾರಿಯಾಯಿತು.

ಶಾಲೆಗಳಿಗೇ ಹಣ ಸಾಲದಿರುವಾಗ, ಬಾಳು ಮುಗಿಯುತ್ತ ಬಂದವರಿಗಾಗಿ ವೆಚ್ಚವೇಕೆಂದು ಕೇಳುವವರುಂಟು. ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಅಜ್ಜನು ಎದ್ದು ನಡೆಯಲಾರದ ಮನೆಯಲ್ಲಿ ಅವನ ಬಳಿ ಕುಳಿತಿರಲು ಶಾಲೆ ಬಿಡುವವಳು ಅನೇಕ ವೇಳೆ ಮೊಮ್ಮಗಳೇ. ಉದ್ಯೋಗವನ್ನು ಬಿಡುವವಳು ಸೊಸೆಯೇ. ಹಿರಿಯರ ಕಾಲಿಗೆ ಕೊಟ್ಟುದು ಕಿರಿಯರ ಕೈಯನ್ನೂ ಬಿಡಿಸುವುದು. 2011ರ ಜನಗಣತಿಯಲ್ಲಿಯೇ ಭಾರತದಲ್ಲಿ 60 ವರ್ಷ ದಾಟಿದವರು ಹತ್ತು ಕೋಟಿಗೂ ಹೆಚ್ಚಾಗಿದ್ದರು.

ನಮ್ಮ ನಾಡಿನಲ್ಲಿಯೂ ಈ ದಿಕ್ಕಿನಲ್ಲಿ ದಾನದ ಕಣ್ಣು ತೆರೆದಿರುವುದು ಸಂತೋಷದ ವಿಷಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಪ್ರತೀಕ್ಷಾ ಟ್ರಸ್ಟಿನ ನೆರವಿನಿಂದ ನಡೆಯುತ್ತಿರುವುದು. ಅಲ್ಲಿಯವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದ ಹತ್ತು ಸಾವಿರ ಮಂದಿಯನ್ನು ಬಹುವರ್ಷಗಳ ಕಾಲ ಪರೀಕ್ಷಿಸುತ್ತ ಹೋಗುವ ಸಂಕಲ್ಪ ಮಾಡಿರುವರು. ಮುಪ್ಪಿನಲ್ಲಿ ಯಾರ ಬುದ್ಧಿ ಮಂಕಾಗುವುದು, ಯಾರದು ತಿಳಿಯಾಗಿ ಉಳಿಯುವುದು, ಏಕೆ, ಎಂಬುದು ಅವರ ಪ್ರಶ್ನೆ. ಉತ್ತರವು ಬರುವ ವೇಳೆಗೆ ಪರೀಕ್ಷೆಗೆ ತೋಳು ನೀಡಿದವರಲ್ಲಿ ಹಲವರು ಉಳಿದಿರಲಾರರು.

ಛತ್ರಗಳನ್ನು ಕಟ್ಟಿಸಿದ ಹಿಂದಿನವರು ಅಲ್ಲಿ ತಂಗುವ ಪಥಿಕರ ಮುಖವನ್ನು ಕಂಡಿರಲಿಲ್ಲ. ಸಂಶೋಧನೆಗೆ ಮೊದಲ ಕಾಸನ್ನು ಕೊಡುವವನ ದಾನವೂ ಆ ಜಾತಿಯದು. ಎಂದೋ ಒಂದು ದಿನ, ಯಾವುದೋ ಮನೆಯಲ್ಲಿ, ವೃದ್ಧೆಯೊಬ್ಬಳು ಯಾರನ್ನೂ ಕೂಗದೆ ತಾನಾಗಿ ಎದ್ದು ಹಿತ್ತಿಲಿನ ತುಳಸಿಗೆ ನೀರೆರೆದು ಬರುವಳು. ಅವಳಿಗೆ ದಾನಿಯ ಹೆಸರು ತಿಳಿದಿರುವುದಿಲ್ಲ. ತಿಳಿಯಬೇಕಾದ ಅವಶ್ಯಕತೆಯೂ ಇಲ್ಲ.