ಬೋರೆ ಹೊಲಕ್ಕೆ ಬೇಲಿ

ಇಂಗ್ಲಿಷಿನ ಹ್ಯಾಂಡ್‌ಪೋಸ್ಟ್ ಅಂದ್ರೆ ನಮ್ಮ ಕೈಮರ. ಮೈಸೂರಿನಿಂದ ಮಾನಂದವಾಡಿ ರಸ್ತೆ ಹಿಡಿದು ಹೊರಟವರು, ಎಚ್.ಡಿ. ಕೋಟೆ ಹತ್ತಿರ ಈ ಹೆಸರಿನ ಸರ್ಕಲ್‌ನಲ್ಲಿ ಇಳಿದು ಒಂದು ಟೀ ಕುಡಿದೇ ಮುಂದಕ್ಕೆ ಹೋಗೋದು. ನಮ್ಮ ಮೂವರ ಗುಂಪಿನಲ್ಲಿ ಒಬ್ಬನ ಊರು ಅಲ್ಲಿಂದ ಸ್ವಲ್ಪ ಒಳಗೆ. ಇಬ್ಬರು ಸಿವಿಲ್, ಒಬ್ಬ ಎಲೆಕ್ಟ್ರಿಕಲ್. ಕಳೆದ ರಜೆಯಲ್ಲಿ ನಾವು ಮೂವರೂ ಸೇರಿ ಅವರ ಬೋರೆ ಹೊಲದ ಎರಡು ಎಕರೆ ಹುಲ್ಲಿನ ಜಾಗಕ್ಕೆ ಬೇಲಿ ಹಾಕಿದೆವು.

ಹುಲ್ಲಿಗೆ ಯಾರಾದರೂ ಬೇಲಿ ಹಾಕ್ತಾರಾ ಅಂತ ನೀವು ಕೇಳಬಹುದು. ಮೊದಲು ದನ ಕಾಯೋಕೆ ಮನೆಗೊಬ್ಬ ಹುಡುಗ ಇರುತ್ತಿದ್ದ. ಈಗ ಆ ಹುಡುಗರೆಲ್ಲ ನಮ್ಮ ಹಾಗೆ ಹಾಸ್ಟೆಲಿನಲ್ಲಿದ್ದಾರೆ. ಆ ಮನೆಯಲ್ಲಿ ಎರಡು ಹಸು, ಒಂದು ಎಮ್ಮೆ, ಎಂಟು ಆಡು. ಅವುಗಳ ಹಿಂದೆ ಬಿಸಿಲು ಮಳೆ ಎನ್ನದೆ ಕೋಲು ಹಿಡಿದು ನಿಲ್ಲುವವರು ಎಪ್ಪತ್ತು ದಾಟಿದ ಅಜ್ಜಿ. ಒಂದು ಕಡೆ ಪಕ್ಕದವರ ಶುಂಠಿ, ಇನ್ನೊಂದು ಕಡೆ ಮುಸುಕಿನ ಜೋಳ. ಅಜ್ಜಿ ಐದು ನಿಮಿಷ ಕಣ್ಣು ಮುಚ್ಚಿದರೆ ಸಾಯಂಕಾಲ ಜಗಳ. ನಾವು ಬೇಲಿ ಹಾಕಿದ್ದು ಅಜ್ಜಿಯ ಕಾಲಿಗೆ ಬಿಡುವು ಸಿಗಲಿ ಅಂತ.

ಮೊದಲ ಪಾಠ ಲೆಕ್ಕದ್ದು. ಒಂದು ಗುಂಟೆ ಅಂದ್ರೆ 33 ಅಡಿ ಉದ್ದ, 33 ಅಡಿ ಅಗಲ. ಎರಡು ಎಕರೆಗೆ 80 ಗುಂಟೆ. ಜಾಗ ಚೌಕವಾಗಿದ್ದರೆ ಸುತ್ತಳತೆ ಸುಮಾರು 1,180 ಅಡಿ ಬರುತ್ತಿತ್ತು. ಆದರೆ ಅಣ್ಣತಮ್ಮಂದಿರ ಭಾಗದಲ್ಲಿ ಸೀಳಿ ಸೀಳಿ ಈ ಹೊಲ ರಿಬ್ಬನ್ನಿನ ಹಾಗೆ ಉದ್ದವಾಗಿದೆ: ನಾಲ್ಕು ಗುಂಟೆ ಅಗಲ, ಇಪ್ಪತ್ತು ಗುಂಟೆ ಉದ್ದ. ಸುತ್ತಳತೆ 1,584 ಅಡಿ. ಹತ್ತು ಅಡಿಗೊಂದು ಕಂಬ ಅಂದರೂ 40 ಕಂಬ ಜಾಸ್ತಿ. ಹುಲ್ಲು ಅಷ್ಟೇ, ಖರ್ಚು ಮಾತ್ರ ಮೂರನೇ ಒಂದು ಪಾಲು ಹೆಚ್ಚು. ಸಣ್ಣ ರೈತನಿಗೆ ಎಕರೆ ಲೆಕ್ಕದಲ್ಲಿ ಬೇಲಿ ಯಾಕೆ ದುಬಾರಿ ಅನ್ನೋದು ಟೇಪು ಹಿಡಿದಾಗಲೇ ಗೊತ್ತಾಯಿತು.

ಇಳಿಜಾರಿಗೆ ತಂತಿ ತುಂಬಾ ಜಾಸ್ತಿ ಬೇಕಾಗುತ್ತೆ ಅಂತ ಊರಲ್ಲಿ ಹೆದರಿಸಿದ್ದರು. ಪೈಥಾಗೊರಸ್ ಹಾಗೆ ಹೇಳಲ್ಲ. ಐದು ಅಡಿಗೆ ಒಂದು ಅಡಿ ಏರಿದರೆ ಉದ್ದ ಹೆಚ್ಚಾಗೋದು ನೂರಕ್ಕೆ ಎರಡು ಮಾತ್ರ. ಬೋರೆಯಲ್ಲಿ ನಿಜವಾದ ತೊಂದರೆ ಏರಿನಲ್ಲಿಲ್ಲ, ತಗ್ಗಿನಲ್ಲಿದೆ. ದಿಣ್ಣೆಯ ಮೇಲಿರುವ ಕಂಬವನ್ನು ಬಿಗಿದ ತಂತಿ ನೆಲಕ್ಕೆ ಒತ್ತುತ್ತೆ, ತಗ್ಗಿನಲ್ಲಿರುವ ಕಂಬವನ್ನು ಮೇಲಕ್ಕೆ ಎಳೆಯುತ್ತೆ. ನಾಲ್ಕು ಸಾಲು ಮುಳ್ಳುತಂತಿ, ಒಂದೊಂದರಲ್ಲಿ 100 ಕಿಲೋ ಬಿಗಿ, ಎರಡೂ ಕಡೆ 10 ಡಿಗ್ರಿ ಏರು ಅಂತ ಇಟ್ಟುಕೊಳ್ಳಿ. ಒಂದು ತಂತಿ ಸುಮಾರು 35 ಕಿಲೋದಷ್ಟು ಮೇಲಕ್ಕೆಳೆದರೆ, ನಾಲ್ಕು ಸೇರಿ 140 ಕಿಲೋ. ಏಳು ಅಡಿಯ ಕಲ್ಲುಕಂಬದ ತೂಕವೇ ಸುಮಾರು 70 ಕಿಲೋ. ಉಳಿದದ್ದನ್ನು ಮಣ್ಣು ಹಿಡಿದುಕೊಳ್ಳಬೇಕು. ಮಳೆಗಾಲದಲ್ಲಿ ಆ ಮಣ್ಣೇ ಗಂಜಿಯಾಗಿರುತ್ತೆ.

ನಾವು ನೋಟ್‌ಬುಕ್ಕಿನಲ್ಲಿ ಇದನ್ನು ಬರೆದು ಮುಗಿಸುವ ಹೊತ್ತಿಗೆ ಕಂಬ ನೆಡಲು ಬಂದಿದ್ದ ಮೇಸ್ತ್ರಿ ಒಂದೇ ಮಾತಲ್ಲಿ ಹೇಳಿದರು: "ತಗ್ಗಲ್ಲಿ ನೆಟ್ಟ ಕಂಬ ಹಲ್ಲು ಕಿತ್ತಂಗೆ ಎದ್ದು ಬತ್ತದೆ ಕನ್ರಪ್ಪಾ." ಅವರಿಗೆ ಸೈನ್ ಟೇಬಲ್ ಬೇಕಾಗಿರಲಿಲ್ಲ. ಹೊಲದ ಮಧ್ಯೆ ಹಾಯುವ ಕೊರಕಲಿನ ಎರಡೂ ದಡದಲ್ಲಿ ದಪ್ಪ ಕಂಬ ನಿಲ್ಲಿಸಿ, ಓರೆಯಾಗಿ ಸಪೋರ್ಟ್ ಕಲ್ಲು ಕೊಟ್ಟು, ಬಿಗಿ ತಂತಿಯನ್ನು ಅಲ್ಲಿಗೇ ಮುಗಿಸಿದೆವು. ಕೊರಕಲಿನ ಮೇಲೆ ಬೇರೆಯದೇ ಒಂದು ತಂತಿ ಎಳೆದು, ಅದಕ್ಕೆ ಬಿದಿರಿನ ತಡಿಕೆ ನೇತುಹಾಕಿದೆವು. ನೀರು ಬಂದಾಗ ತಡಿಕೆ ತಳ್ಳಿಸಿಕೊಂಡು ಮೇಲೇಳುತ್ತೆ, ನೀರು ಇಳಿದ ಮೇಲೆ ತಾನೇ ಕೆಳಗೆ ಬಂದು ನಿಲ್ಲುತ್ತೆ. ಹರಿಯುವ ನೀರಿಗೆ ಅಡ್ಡ ನಿಂತ ಬೇಲಿ ಕಸಕಡ್ಡಿ ಹಿಡಿದು ಕಟ್ಟೆಯಾಗುತ್ತೆ. ಕಟ್ಟೆ ಒಡೆದರೆ ಬೇಲಿಯ ಜೊತೆ ಮಣ್ಣೂ ಹೋಗುತ್ತೆ.

ಕಂಬಗಳ ನಡುವೆ ಗೊಬ್ಬರದ ಗಿಡದ ಗೂಟ ನೆಟ್ಟೆವು. ಮಳೆ ಹಿಡಿದರೆ ಅದು ಚಿಗುರುತ್ತೆ, ಸೊಪ್ಪು ಆಡಿಗಾಗುತ್ತೆ. ಬೇಲಿಯೇ ಎದ್ದು ಹೊಲ ಮೇಯೋದು ಗಾದೆಯಲ್ಲಿ, ಇಲ್ಲಿ ಆಡೇ ಬೇಲಿ ಮೇಯುತ್ತೆ! ಇನ್ನೊಂದು ತಮಾಷೆ ನೋಡಿ. ನಾವು ಹಳ್ಳಿ ಬೇಲಿ ಅಂದುಕೊಂಡಿರುವ ಗೊಬ್ಬರದ ಗಿಡ, ಕತ್ತಾಳೆ, ಲಂಟಾನ ಎಲ್ಲವೂ ಅಮೆರಿಕ ಖಂಡಗಳಿಂದ ಬಂದವು. ಮುಳ್ಳುತಂತಿಯೂ ಅಲ್ಲಿಯದೇ. ಇಲಿನಾಯ್ಸ್‌ನ ರೈತ ಜೋಸೆಫ್ ಗ್ಲಿಡನ್ ಅದಕ್ಕೆ ಪೇಟೆಂಟ್ ಪಡೆದದ್ದು 1874ರಲ್ಲಿ. ನಮ್ಮ ಸೀಮೆಯದು ಅಂತ ಹೆಮ್ಮೆಯಿಂದ ಹೇಳೋಕೆ ಕಲ್ಲುಕಂಬ ಇದೆ, ಲಾವಂಚ ಇದೆ. ಪಕ್ಕದ ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚದ ಸಾಲು ಇಟ್ಟುಕೊಂಡು ಬಂದಿದ್ದಾರೆ. ಅದರ ಬೇರು ನೇರ ಆಳಕ್ಕಿಳಿದು ಇಳಿಜಾರಿನ ಮಣ್ಣು ಹಿಡಿಯುತ್ತೆ. ನಾವೂ ಕೊರಕಲಿನ ಮೇಲ್ಭಾಗದಲ್ಲಿ ಅಡ್ಡಕ್ಕೆ ಒಂದು ಸಾಲು ಹಾಕಿದೆವು.

ಇಷ್ಟಾಗುವ ಹೊತ್ತಿಗೆ ಶುಂಠಿ ಹೊಲದ ಚಿಕ್ಕಪ್ಪ ಬಂದು ನಿಂತರು. ಅವರ ಕಷ್ಟ ಸುಳ್ಳಲ್ಲ. ಕಾಡುಹಂದಿ ಒಂದೇ ರಾತ್ರಿಯಲ್ಲಿ ಮೂರು ಸಾಲು ಶುಂಠಿ ಉತ್ತು ಹಾಕಿತ್ತು. "ಇಷ್ಟೆಲ್ಲಾ ಮಾಡಿದ್ದೀರಿ, ರಾತ್ರಿ ಹೊತ್ತು ಮೋಟ್ರು ಲೈನಿಂದ ಒಂದು ವಯರ್ ಎಳ್ದು ಈ ತಂತಿಗೆ ಕೊಟ್ಬುಡಿ. ಒಂದ್ ಹಂದಿನೂ ಬರಾಕಿಲ್ಲ," ಅಂದರು. ಸೋಲಾರ್ ಬೇಲಿಯಲ್ಲೂ ಕರೆಂಟೇ ಅಲ್ವಾ, ಅದರಲ್ಲಿ ಸಾವಿರಗಟ್ಟಲೆ ವೋಲ್ಟು ಇರುತ್ತಲ್ವಾ ಅನ್ನೋದು ಅವರ ಪ್ರಶ್ನೆ.

ಪ್ರಶ್ನೆ ಸರಿಯಾದದ್ದೇ. ನಮ್ಮ ಎಲೆಕ್ಟ್ರಿಕಲ್ ಗೆಳೆಯ ಅಲ್ಲೇ ಕೂತು ಮಣ್ಣಿನ ಮೇಲೆ ಗೀಟು ಎಳೆದು ವಿವರಿಸಿದ. ಬೇಲಿಯ ಎನರ್ಜೈಸರ್ ಕರೆಂಟನ್ನು ಸುಮ್ಮನೆ ಹರಿಯಲು ಬಿಡಲ್ಲ. ಸೆಕೆಂಡಿಗೆ ಒಂದು ಸಲ ತಟ್ಟುತ್ತೆ, ಅಷ್ಟೆ. ಐಇಸಿ 60335-2-76 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಆ ಏಟು 10 ಮಿಲಿಸೆಕೆಂಡ್ ಮೀರಬಾರದು, 500 ಓಮ್ ಲೋಡಿನಲ್ಲಿ ಅದರ ಶಕ್ತಿ 5 ಜೌಲ್ ಮೀರಬಾರದು. ವೋಲ್ಟೇಜ್ ಸಾವಿರಗಟ್ಟಲೆ ಇದ್ದರೂ ಮುಟ್ಟಿದ ಪ್ರಾಣಿ ಬೆಚ್ಚಿ ಹಿಂದೆ ಸರಿಯಲು ಎರಡು ಏಟಿನ ನಡುವೆ ಸಮಯ ಇರುತ್ತೆ. ಮೋಟರಿನ ಲೈನು ಹಾಗಲ್ಲ. ಬರೀ 230 ವೋಲ್ಟ್ ಅಂದರೂ ಒದ್ದೆ ಮೈಯ ಪ್ರತಿರೋಧ ಸಾವಿರ ಓಮ್ ಇದ್ದರೆ 230 ಮಿಲಿಆಂಪಿಯರ್ ಹರಿಯುತ್ತೆ. ಅದರ ಒಂದು ಸಣ್ಣ ಪಾಲು ಸಾಕು, ಸ್ನಾಯು ಬಿಗಿದು ಹಿಡಿದ ಕೈ ತಂತಿ ಬಿಡಲ್ಲ. ಅಷ್ಟರಲ್ಲಿ ಎದೆಬಡಿತ ದಾರಿ ತಪ್ಪುತ್ತೆ. ಆ ತಂತಿಗೆ ಹಂದಿ ಯಾವುದು, ಮನುಷ್ಯ ಯಾವುದು, ಕಾಡಿಂದ ಬಂದ ಆನೆ ಯಾವುದು ಅಂತ ಗೊತ್ತಾಗಲ್ಲ.

ಚಿಕ್ಕಪ್ಪ ಓಮ್ ನಿಯಮಕ್ಕೆ ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ಆಗ ಅಜ್ಜಿ ಹಿಂದಿನಿಂದ ನಿಧಾನವಾಗಿ ಹೇಳಿದರು: "ಬೆಳಗಾಗೆದ್ದು ಮೊದ್ಲು ಆ ತಂತಿ ಹಿಡ್ಕಂಡು ದಾಟೋಳು ನಾನು ಕನಪ್ಪಾ. ರಾತ್ರಿ ಹಾಕ್ದೋರು ಒಂದಿನ ಮರ್ತೋದ್ರೆ?"

ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಚಿಕ್ಕಪ್ಪ, "ಆ ಸೋಲಾರ್ ಡಬ್ಬ ಎಷ್ಟಾಯ್ತದೆ ಕೇಳ್ರಿ," ಅಂದರು.

ಎರಡೂ ಹೊಲಕ್ಕೆ ಸೇರಿದ ಉದ್ದನೆಯ ಬದಿಯ ಖರ್ಚನ್ನು ಎರಡು ಮನೆಯವರೂ ಅರ್ಧರ್ಧ ಹಾಕಿಕೊಳ್ಳುವುದು ಅಂತಾಯಿತು. ಅವರ ಕಡೆಗೆ ಮುಳ್ಳುತಂತಿಯಿಂದ ದೂರದಲ್ಲಿ, ಬೇರೆ ಗೂಟಗಳ ಮೇಲೆ, ಹಂದಿಯ ಮೂತಿ ತಾಗುವ ಎತ್ತರಕ್ಕೆ ಎರಡು ಸಾದಾ ತಂತಿ. ಮುಳ್ಳುತಂತಿಗೇ ಆ ಏಟು ಕೊಡುವಂತಿಲ್ಲ. ಮುಳ್ಳಿಗೆ ಸಿಕ್ಕಿಕೊಂಡ ಪ್ರಾಣಿ ಹಿಂದೆ ಸರಿಯಲಾರದೆ ಏಟು ತಿನ್ನುತ್ತಲೇ ಇರುತ್ತೆ. ತಂತಿಗೆ ಹುಲ್ಲು ತಾಗಿದರೆ ಕರೆಂಟು ಸೋರಿ ಹೋಗುತ್ತೆ, ಹಾಗಾಗಿ ಹುಲ್ಲು ಸವರುವ ಕೆಲಸ ಅವರದು. ಬೇಸಿಗೆಯಲ್ಲಿ ಕೆಂಪು ಮಣ್ಣು ಒಣಗಿ ಅರ್ಥಿಂಗ್ ಸಿಗಲ್ಲ, ಅದಕ್ಕೇ ಅರ್ಥಿಂಗ್ ಕಂಬಿಯನ್ನು ಕೊರಕಲಿನ ತೇವದ ಜಾಗದಲ್ಲಿ ಇಳಿಸಿದೆವು.

ಇದು ಆನೆ ತಡೆಯುವ ಬೇಲಿಯಲ್ಲ, ಅದನ್ನೂ ಹೇಳಿಬಿಡಬೇಕು. ಆನೆಗೆಂದು ನಾಗರಹೊಳೆ ಅಂಚಿನಲ್ಲಿ ಕಂದಕ ತೋಡಿದ್ದಾರೆ, ಹಳೆಯ ರೈಲು ಕಂಬಿಯ ತಡೆಗೋಡೆ ಕಟ್ಟಿದ್ದಾರೆ. 2018ರ ಡಿಸೆಂಬರ್‌ನಲ್ಲಿ ಹುಣಸೂರು ಕಡೆಯ ವೀರನಹೊಸಹಳ್ಳಿ ವಲಯದಲ್ಲಿ ಆ ಕಂಬಿ ದಾಟಲು ಹೋದ ಗಂಡಾನೆಯೊಂದು ಅದರ ಮೇಲೆಯೇ ಸಿಕ್ಕಿಕೊಂಡು ಸತ್ತಿತು. ಕರೆಂಟೇ ಇಲ್ಲದ ಬೇಲಿಯೂ ಕೊಲ್ಲಬಲ್ಲದು. ಬೇಲಿ ಕಟ್ಟುವವರು ಯಾವುದನ್ನು ತಡೆಯಬೇಕು ಅಂತ ಯೋಚಿಸಿದಷ್ಟೇ, ತಡೆದ ಮೇಲೆ ಅದು ಹಿಂದಕ್ಕೆ ಹೋಗೋಕೆ ದಾರಿ ಇದೆಯಾ ಅಂತಲೂ ಯೋಚಿಸಬೇಕು.

ಗೆಳೆಯರೇ, ನಮ್ಮ ಕಾಲೇಜಿನಲ್ಲಿ ಹಳ್ಳಿಯಿಂದ ಬಂದವರು ಬಹಳ ಜನ ಇದ್ದೀರಿ. ಮುಂದಿನ ರಜೆಗೆ ಊರಿಗೆ ಹೋದಾಗ ಹಗಲು ಹೊತ್ತಿನಲ್ಲಿ, ದೂರದಿಂದಲೇ, ನಿಮ್ಮ ಪಂಪ್‌ಸೆಟ್ಟಿನ ಬೋರ್ಡ್ ಕಡೆ ಒಮ್ಮೆ ನೋಡಿ. ಅಲ್ಲಿಂದ ಯಾವುದಾದರೂ ವಯರ್ ಬೇಲಿ ಕಡೆಗೆ ಹೋಗಿದ್ದರೆ ನೀವಾಗಿ ಮುಟ್ಟಬೇಡಿ. ಮನೆಯವರನ್ನು ಕೂರಿಸಿಕೊಂಡು ಮಾತಾಡಿ, ಲೈನ್‌ಮನ್ ಕರೆಸಿ ತೆಗೆಸಿ. ಓಮ್ ನಿಯಮಕ್ಕೆ ಅವರು ಒಪ್ಪದಿದ್ದರೆ, ಬೆಳಗ್ಗೆ ಎದ್ದು ಆ ಹೊಲಕ್ಕೆ ಮೊದಲು ಹೋಗೋರು ಯಾರು ಅಂತ ಕೇಳಿ.